ಬ್ಲೇಡ್ ಇಳಿಸಿದರೆ ಡೋಜರ್ ನಿಲ್ಲುತ್ತೆ, ತಿರುಗಿಸಿದರೆ ಚೈನ್ ಕಳಚುತ್ತೆ: ಮಾಡಿ ನೋಡಿದವರು ಹೇಳಿ

ಕೇಳಿದವರು, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಆರು ತಿಂಗಳಿಂದ ರಾತ್ರಿ ಊಟ ಆದಮೇಲೆ ಕೂತು ಕೂತು ಒಂದು ರಿಮೋಟ್ ಬುಲ್ಡೋಜರ್ ಮಾಡಿದ್ದೇನೆ. ಕಿಟ್ ಅಲ್ಲ, ಪೂರ್ತಿ ಕೈಕೆಲಸ. 1:14 ಅಳತೆ. 3 ಎಂಎಂ ಅಲ್ಯೂಮಿನಿಯಂ ತಗಡಿನ ಚಾಸಿ. ಒಂದೊಂದು ಕಡೆಗೆ ಎರಡೆರಡು ಸೈಕಲ್ ಚೈನು, ಅವೆರಡರ ಮೇಲೆ ಅಡ್ಡಡ್ಡ ಕಬ್ಬಿಣದ ಪಟ್ಟಿ ಬೆಸೆಸಿದ್ದೇನೆ. 18 ಹಲ್ಲಿನ ಸ್ಪ್ರಾಕೆಟ್. 12 ವೋಲ್ಟಿನ, 60 ಆರ್‌ಪಿಎಂ ಗೇರ್ ಮೋಟರ್ ಎರಡು, ಸ್ಪೀಡ್ ಕಂಟ್ರೋಲರ್ ಎರಡು, 6 ಚಾನೆಲ್ ರಿಮೋಟ್, 3 ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಬ್ಲೇಡಿಗೆ 110 ಎಂಎಂ ಪಿವಿಸಿ ಪೈಪ್ ಸೀಳಿದೆ. ಅದನ್ನು ಆಡಿಸಲು ಲೋಹದ ಗೇರಿನ ಸರ್ವೊ, ಅಂದರೆ ರಿಮೋಟ್ ಹೇಳಿದಷ್ಟೇ ತಿರುಗಿ ನಿಲ್ಲುವ ಪುಟ್ಟ ಮೋಟರ್. ಒಟ್ಟು ತೂಕ 3 ಕೆಜಿ 600 ಗ್ರಾಂ.

ಟೈಲ್ಸ್ ಮೇಲೆ ಚೆನ್ನಾಗಿ ಓಡುತ್ತೆ. ಮಣ್ಣಿಗೆ ಇಳಿಸಿದರೆ ಮೂರು ತಾಪತ್ರಯ. ಬ್ಲೇಡನ್ನು ಕೆಳಗೆ ಒತ್ತಿದಾಗ ಇಡೀ ಗಾಡಿ ಒಂದೆರಡು ಸೆಕೆಂಡ್ ಸತ್ತ ಹಾಗೆ ನಿಲ್ಲುತ್ತೆ, ರಿಸೀವರಿನ ಲೈಟು ಮಿಣಮಿಣ ಅನ್ನುತ್ತೆ, ಆಮೇಲೆ ತಾನೇ ಸರಿಹೋಗುತ್ತೆ. ನಿಂತಲ್ಲೇ ತಿರುಗಿಸಿದರೆ ಎಡಗಡೆ ಚೈನು ಕಳಚಿ ಬೀಳುತ್ತೆ. ಮರಳಿನ ಗುಡ್ಡೆ ತಳ್ಳಲು ಹೋದರೆ ಚೈನು ಇದ್ದಲ್ಲೇ ಗಿರಗಿರ ಸುತ್ತುತ್ತೆ, ಮೂತಿ ಮೇಲೇಳುತ್ತೆ. ರಿಮೋಟ್ ಕೆಟ್ಟಿದೆ, ಹೊಸದು ತಗೊಳ್ಳಿ ಅಂತ ಅಂಗಡಿಯವರು ಹೇಳಿದರು. ನನಗ್ಯಾಕೋ ನಂಬಿಕೆ ಬರಲಿಲ್ಲ. ಮಾಡಿ ಅನುಭವ ಇದ್ದವರು ದಯವಿಟ್ಟು ಹೇಳಿ.

ಬೆಂಗಳೂರಿನಿಂದ, ಟಿವಿ ರಿಪೇರಿ ಮಾಡುವವರು

ಸರ್, ರಿಮೋಟಿಗೆ ದುಡ್ಡು ಹಾಕಬೇಡಿ. ರೇಡಿಯೊ ತೊಂದರೆ ಅಂತ ನನ್ನ ಹತ್ತಿರ ಬಂದ ಮಾಡೆಲ್‌ಗಳಲ್ಲಿ ಹೆಚ್ಚಿನವು ಕರೆಂಟಿನ ತೊಂದರೆಯೇ. ನಿಮ್ಮ ರಿಸೀವರ್ ಸಿಗ್ನಲ್ ಕಳಕೊಳ್ಳುತ್ತಿಲ್ಲ, ಊಟ ಸಿಗದೆ ಮೂರ್ಛೆ ಹೋಗುತ್ತಿದೆ.

ಲೆಕ್ಕ ನೋಡಿ. ರಿಸೀವರಿಗೂ ಸರ್ವೊಗೂ 5 ವೋಲ್ಟ್ ಬರುವುದು ಸ್ಪೀಡ್ ಕಂಟ್ರೋಲರ್ ಒಳಗಿರುವ ಬಿಇಸಿಯಿಂದ, ಅಂದರೆ ಬ್ಯಾಟರಿಯ ವೋಲ್ಟೇಜ್ ಇಳಿಸಿ ಕೊಡುವ ಪುಟ್ಟ ಸರ್ಕ್ಯೂಟಿನಿಂದ. ಅಗ್ಗದ ಕಂಟ್ರೋಲರ್‌ಗಳಲ್ಲಿ ಅದು ಲೀನಿಯರ್ ಬಗೆಯದ್ದು. 12 ವೋಲ್ಟ್ ತಗೊಂಡು 5 ಕೊಟ್ಟು, ಉಳಿದ 7 ವೋಲ್ಟನ್ನು ಬಿಸಿ ಮಾಡಿ ಸುಡುತ್ತೆ. 1 ಆಂಪಿಯರ್ ಎಳೆದರೆ 7 ವ್ಯಾಟ್ ಶಾಖ, ಅದೂ ಉಗುರಿನಷ್ಟು ಚಿಪ್ಪಿನಲ್ಲಿ. ನಿಮ್ಮಂಥ ಸರ್ವೊ ಅಲುಗದೆ ಒತ್ತಿಕೊಂಡು ನಿಂತಾಗ 2 ಆಂಪಿಯರ್‌ಗಿಂತ ಜಾಸ್ತಿ ಕೇಳುತ್ತೆ. ಬಿಇಸಿ ಕೈಚೆಲ್ಲುತ್ತೆ, ವೋಲ್ಟೇಜ್ ಕುಸಿಯುತ್ತೆ, ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುತ್ತೆ. ನೀವು ಹೇಳಿದ ಆ ಒಂದೆರಡು ಸೆಕೆಂಡ್ ಅದೇ.

ಖಾತ್ರಿ ಮಾಡಿಕೊಳ್ಳಲು ಖರ್ಚಿಲ್ಲದ ದಾರಿ ಇದೆ. ಎರಡೂ ಕಂಟ್ರೋಲರ್‌ಗಳಿಂದ ರಿಸೀವರಿಗೆ ಹೋಗುವ ಮೂರು ವೈರಿನ ಪ್ಲಗ್ ನೋಡಿ. ನಡುವಿನ ಕೆಂಪು ವೈರಿನ ಪಿನ್ನನ್ನು ಸೂಜಿಯಿಂದ ಮೀಟಿದರೆ ಹೊರಗೆ ಬರುತ್ತೆ. ಕತ್ತರಿಸಬೇಡಿ, ಟೇಪ್ ಸುತ್ತಿ ಮಡಚಿಡಿ. ಕಪ್ಪು ವೈರು ಮಾತ್ರ ಇರಲೇಬೇಕು. ಈಗ ನಾಲ್ಕು ರೀಚಾರ್ಜ್ ಪೆನ್ಸಿಲ್ ಸೆಲ್ ಜೋಡಿಸಿ, 4.8 ವೋಲ್ಟನ್ನು ನೇರ ರಿಸೀವರಿಗೆ ಕೊಡಿ. ಬ್ಲೇಡ್ ಒತ್ತಿ ನೋಡಿ. ಗಾಡಿ ನಿಲ್ಲದಿದ್ದರೆ ಕಳ್ಳ ಸಿಕ್ಕಿದ. ಆಮೇಲೆ ಕಾಯಂ ಆಗಿ 5 ವೋಲ್ಟ್, 3 ಆಂಪಿಯರ್ ಕೊಡುವ ಸ್ವಿಚಿಂಗ್ ಬಿಇಸಿ (ಲೀನಿಯರ್ ಥರ ಅಷ್ಟು ಬಿಸಿ ಮಾಡಿ ಸುಡದ ಬಗೆ) ಒಂದನ್ನು ಬೇರೆಯಾಗಿ ಹಾಕಿ. ಇಲ್ಲಿ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸಿಗುತ್ತೆ. ಈಗ ಎರಡು ಬಿಇಸಿ ಒಟ್ಟಿಗೆ ರಿಸೀವರಿಗೆ ಕೊಡುತ್ತಿವೆಯಲ್ಲ, ಅದೂ ಸರಿಯಲ್ಲ. ಒಂದು 5.1 ಕೊಟ್ಟು ಇನ್ನೊಂದು 4.9 ಕೊಟ್ಟರೆ ಮೊದಲನೆಯದೇ ಎಲ್ಲ ಭಾರ ಹೊರುತ್ತೆ. ಎರಡು ಇದ್ದರೆ ಡಬಲ್ ಶಕ್ತಿ ಅನ್ನುವುದು ಭ್ರಮೆ.

ಮೋಟರಿನ ಎರಡು ಕಾಲುಗಳ ನಡುವೆ 104 ಅಂತ ಬರೆದ ಸೆರಾಮಿಕ್ ಕೆಪಾಸಿಟರ್ ಒಂದು ಬೆಸುಗೆ ಹಾಕಿ, ಒಂದೊಂದು ಕಾಲಿನಿಂದ ಮೋಟರಿನ ಲೋಹದ ಮೈಗೆ ಇನ್ನೊಂದೊಂದು. ಬ್ರಷ್ಷಿನ ಕಿಡಿಯ ಗದ್ದಲ ಅಲ್ಲೇ ಅಡಗುತ್ತೆ. ಆಂಟೆನಾ ತಂತಿ ಅಲ್ಯೂಮಿನಿಯಂ ಡಬ್ಬಿಯೊಳಗೆ ಮಡಚಿಕೊಂಡು ಕೂತಿದ್ದರೆ ಹೊರಗೆ ತೆಗೆಯಿರಿ.

ಇನ್ನೊಂದು ಪ್ರಶ್ನೆ. ಮುಂದಕ್ಕೆ ಹೋಗುತ್ತಿದ್ದವನು ರಿವರ್ಸ್ ಹಾಕಿದರೆ ಕೂಡಲೇ ಹಿಂದಕ್ಕೆ ಬರುತ್ತಾ, ಅಥವಾ ರಿಮೋಟಿನ ಕಡ್ಡಿಯನ್ನು ಎರಡು ಸಲ ಎಳೆಯಬೇಕಾ? ಎರಡು ಸಲ ಎಳೆಯಬೇಕಾದರೆ ಅದು ಕಾರಿನ ಕಂಟ್ರೋಲರ್. ಮೊದಲು ಬ್ರೇಕ್, ಆಮೇಲೆ ರಿವರ್ಸ್. ಡೋಜರಿಗೆ ಅದು ಶಾಪ. ತಿರುಗಿಸುವಾಗ ಒಂದು ಕಡೆ ಹಿಂದೆ ಹೋಗುವ ಬದಲು ಬ್ರೇಕ್ ಹಿಡಿದು ನಿಲ್ಲುತ್ತೆ. ಕೆಲವುದರಲ್ಲಿ ಪಿನ್ನುಗಳ ಮೇಲೆ ಕೂರುವ ಪುಟ್ಟ ಜಂಪರ್ ಬದಲಿಸಿದರೆ ಬ್ರೇಕ್ ತೆಗೆಯಬಹುದು, ನೋಡಿ.

ಹುಬ್ಬಳ್ಳಿಯಿಂದ, ಫಿಟ್ಟರ್

ಚೈನಿನ ವಿಷಯ ನಾನು ಹೇಳುತ್ತೇನ್ರೀ. ಒಂದೇ ಕಡೆ ಬೀಳುತ್ತೆ ಅಂದರೆ ಅದು ಬಿಗಿತದ್ದಲ್ಲ, ಸಾಲಿನ ತೊಂದರೆ. ಹಿಂದಿನ ಸ್ಪ್ರಾಕೆಟಿನ ಮುಖಕ್ಕೆ ಒಂದು ದಾರ ಒತ್ತಿ ಹಿಡಿದು, ಮುಂದಿನ ಚಕ್ರದವರೆಗೆ ಎಳೆದು ನೋಡಿ. ಗೌಂಡಿಗಳು ಗೋಡೆಗೆ ನೂಲು ಹಿಡಿಯುವ ಹಾಗೆ. ಎರಡು ಎಂಎಂ ಆಚೀಚೆ ಇದ್ದರೂ ಕಣ್ಣಿಗೆ ಕಾಣುತ್ತೆ. ಸರಿ ಇದೆ ಅನ್ನಿಸಿದರೆ ಗಾಡಿಯನ್ನು ಕೈಯಲ್ಲಿ ಹಿಡಿದು ಮುಂದಿನ ಚಕ್ರವನ್ನು ಅಡ್ಡಕ್ಕೆ ಒತ್ತಿ, ಮತ್ತೆ ದಾರ ಹಿಡಿಯಿರಿ. 3 ಎಂಎಂ ತಗಡು ಅಂದಿರಲ್ಲ, ಅದು ಬಾಗುತ್ತಿರಬಹುದು. ತಿರುಗುವಾಗ ಚೈನು ಅಡ್ಡಕ್ಕೆ ಉಜ್ಜಿಕೊಂಡೇ ಹೋಗಬೇಕು. ಆ ಜೋರಿಗೆ ತಗಡು ಬಾಗಿದರೆ ಟೇಬಲ್ ಮೇಲೆ ನೆಟ್ಟಗಿದ್ದದ್ದು ನೆಲದ ಮೇಲೆ ಸೊಟ್ಟ ಆಗುತ್ತೆ. ಒಂದು ಎಲ್ ಆಂಗಲ್ ಒಳಗಿಂದ ಬಿಗಿಯಿರಿ.

ಮೋಟರಿನ ಶಾಫ್ಟಿಗೇ ನೇರ ಸ್ಪ್ರಾಕೆಟ್ ಹಾಕಿದ್ದೀರಾ? ಹಾಕಿದ್ದರೆ ತೆಗೆಯಿರಿ. ಗೇರ್‌ಬಾಕ್ಸಿನ ಬುಷ್ ಅಡ್ಡ ಭಾರ ತಡೆಯೋದಿಲ್ಲ, ಬೇಗ ಸವೆದು ಶಾಫ್ಟ್ ಅಲುಗಾಡುತ್ತೆ. 8 ಎಂಎಂ ಬೇರೆ ಶಾಫ್ಟ್, ಎರಡು 608 ಬೇರಿಂಗ್, ನಡುವೆ ಕಪ್ಲಿಂಗ್. ಗ್ರಬ್ ಸ್ಕ್ರೂ (ಶಾಫ್ಟನ್ನು ಒತ್ತಿ ಹಿಡಿಯುವ ತಲೆಯಿಲ್ಲದ ಸ್ಕ್ರೂ) ಕೂರುವ ಜಾಗದಲ್ಲಿ ಶಾಫ್ಟನ್ನು ಅರದಿಂದ ಚಪ್ಪಟೆ ಮಾಡಿ. ಇಲ್ಲದಿದ್ದರೆ ಅದು ಜಾರುತ್ತೆ, ನೀವು ಮೋಟರನ್ನು ಬೈಯುತ್ತೀರಿ.

ಬಿಗಿತ ಎಷ್ಟಿರಬೇಕು ಅಂದರೆ, ಮೇಲಿನ ಚೈನನ್ನು ಬೆರಳಿಂದ ಎತ್ತಿದರೆ 6, 7 ಎಂಎಂ ಏಳಬೇಕು. ತಂತಿ ಹಾಗೆ ಬಿಗಿದರೆ ಮೋಟರಿನ ಅರ್ಧ ಶಕ್ತಿ ಚೈನು ಎಳೆಯೋದಕ್ಕೇ ಹೋಗುತ್ತೆ. ನಮ್ಮ ಕಡೆ, ನಿಮ್ಮ ಕಡೆಯೂ, ಎರೆಮಣ್ಣು. ಹಸಿ ಇದ್ದಾಗ ಸ್ಪ್ರಾಕೆಟಿನ ಹಲ್ಲಿನ ಸಂದಿಯಲ್ಲಿ ಮೆತ್ತಿಕೊಂಡು ಗಟ್ಟಿಯಾಗುತ್ತೆ. ಮಣ್ಣು ಮೆತ್ತಿದಷ್ಟೂ ಸ್ಪ್ರಾಕೆಟ್ ದಪ್ಪ, ಚೈನು ಬಿಗಿ. ಮನೆಯಲ್ಲಿ ಸರಿಯಾಗಿದ್ದ ಚೈನು ಹೊಲದಲ್ಲಿ ಹಾರುತ್ತೆ. ಚೈನಿಗೆ ಗ್ರೀಸ್ ಹಚ್ಚಲೇಬೇಡಿ, ಮರಳು ಅಂಟಿ ಅರೆಯುವ ಕಲ್ಲಾಗುತ್ತೆ. ನಾನು ಮೇಣದಬತ್ತಿ ಕರಗಿಸಿ ಅದ್ದುತ್ತೇನೆ.

ನನ್ನ ಮೊದಲ ಗಾಡಿಯ ಕಥೆ ಹೇಳಿಬಿಡುತ್ತೇನೆ, ನಗಬೇಡಿ. ಸೈಕಲ್ ಅಂಗಡಿಯಿಂದ ನಾಲ್ಕು ಹೊಸ ಫ್ರೀವೀಲ್ ತಂದು ಅದನ್ನೇ ಸ್ಪ್ರಾಕೆಟ್ ಮಾಡಿದೆ. ಮುಂದಕ್ಕೆ ಏನು ಓಟ! ಓಣಿಯ ಹುಡುಗರೆಲ್ಲ ಸೇರಿದ್ದರು. ರಿವರ್ಸ್ ಕೊಟ್ಟೆ. ಒಳಗಿಂದ ಟಿಕಟಿಕಟಿಕ ಅಂತ ಸದ್ದು, ಗಾಡಿ ಕದಲಲಿಲ್ಲ. ಎರಡು ದಿನ ವೈರಿಂಗ್ ಬಿಚ್ಚಿ ಕಟ್ಟಿದೆ. ಕೊನೆಗೆ ಎಂಟನೇ ಕ್ಲಾಸಿನ ಹುಡುಗ ಒಬ್ಬ, ಅಂಕಲ್, ಸೈಕಲ್ ಪೆಡಲ್ ಹಿಂದೆ ತುಳಿದರೂ ಹೀಗೇ ಸದ್ದು ಬರುತ್ತೆ ಅಲ್ವಾ ಅಂದ. ಮರುದಿನ ನಾಲ್ಕಕ್ಕೂ ಎರಡೆರಡು ಕಡೆ ವೆಲ್ಡಿಂಗ್ ಟ್ಯಾಕ್ ಹೊಡೆಸಿದೆ.

ಮೈಸೂರಿನಿಂದ, ಇಂಜಿನಿಯರಿಂಗ್ ವಿದ್ಯಾರ್ಥಿನಿ

ಚೈನ್ ಬಿಟ್ಟು 3ಡಿ ಪ್ರಿಂಟ್ ಟ್ರ್ಯಾಕ್ ಮಾಡುವ ಯೋಚನೆ ಬಂದರೆ ಪಿಎಲ್‌ಎ ಪ್ಲಾಸ್ಟಿಕ್ ಬೇಡ ಅಂಕಲ್. 60 ಡಿಗ್ರಿ ಹತ್ತಿರ ಮೆತ್ತಗಾಗುತ್ತೆ. ನಾನು ಏಪ್ರಿಲ್‌ನಲ್ಲಿ ಕಾರಿನೊಳಗೆ ಬಿಟ್ಟು ಹೋಗಿದ್ದೆ, ವಾಪಸ್ ಬರುವಷ್ಟರಲ್ಲಿ ಕೊಂಡಿಗಳೆಲ್ಲ ಸೊಟ್ಟ. ಪಿಇಟಿಜಿ ಅನ್ನುವ ಪ್ಲಾಸ್ಟಿಕ್ ಪರವಾಗಿಲ್ಲ. ಪಿನ್ನಿಗೆ ಸೈಕಲ್ ಕಡ್ಡಿ ಹಾಕಿ, ಸಾಮಾನ್ಯವಾಗಿ ಸರಿಯಾಗಿ 2 ಎಂಎಂ ಇರುತ್ತೆ.

ಆಮೇಲೆ, ವೈರ್ ಬಿಚ್ಚಿ ಕಟ್ಟುವಾಗ ರಿಮೋಟಿನ ಕಡ್ಡಿ ಮುಂದೆ ತಳ್ಳಿದರೆ ಗಾಡಿ ಬುಗುರಿ ಥರ ಸುತ್ತಿ, ಕಡ್ಡಿ ಪಕ್ಕಕ್ಕೆ ತಳ್ಳಿದರೆ ನೆಟ್ಟಗೆ ಹೋದರೆ ಗಾಬರಿ ಬೇಡ. ಮಿಕ್ಸಿಂಗ್, ಅಂದರೆ ಒಂದೇ ಕಡ್ಡಿಯಿಂದ ಎರಡೂ ಮೋಟರ್ ನಡೆಸುವ ಸೆಟ್ಟಿಂಗ್, ಸರಿಯಾಗೇ ಇದೆ, ಒಂದು ಮೋಟರಿನ ಎರಡು ವೈರ್ ಅದಲುಬದಲಾಗಿದೆ ಅಷ್ಟೇ. ನಾನು ರಿಮೋಟಿನ ಮೆನುವಿನಲ್ಲಿ ಒಂದು ರಾತ್ರಿ ಪೂರ್ತಿ ಕಳೆದಿದ್ದೇನೆ.

ಕೆಜಿಎಫ್‌ನಿಂದ, ಡೋಜರ್ ಓಡಿಸಿದವರು

ನಮ್ಮೂರು ಸರ್ಕಾರಿ ಕಂಪನಿ ಬಿಇಎಂಎಲ್‌ನ ಡೋಜರುಗಳು ತಯಾರಾಗುವ ಊರು. ನಾನು ಅವನ್ನು ಮಾಡಿದವನಲ್ಲ, ಓಡಿಸಿದವನು. ರಸ್ತೆ ಕೆಲಸ, ಕೆರೆ ಹೂಳು, ಹೀಗೆ. ವೈರು ಗೀರು ನನಗೆ ಗೊತ್ತಿಲ್ಲ. ಆದರೆ ನಿಮ್ಮ ಮೊದಲನೇ ತೊಂದರೆಯೂ ಮೂರನೇ ತೊಂದರೆಯೂ ಒಂದೇ ಅಂತ ನನಗೆ ಕಾಣುತ್ತಿದೆ.

ನೀವು ಬ್ಲೇಡನ್ನು ಕೆಳಗೆ ಒತ್ತುತ್ತಿದ್ದೀರಿ. ಹೊಸ ಆಪರೇಟರ್‌ಗಳೆಲ್ಲ ಹೀಗೇ ಮಾಡುವುದು. ಒತ್ತಿದರೆ ಏನಾಗುತ್ತೆ? ನೆಲ ಕೆಳಗೆ ಹೋಗಲ್ಲ, ಗಾಡಿಯ ಮೂತಿ ಮೇಲೆ ಬರುತ್ತೆ. ಮೂತಿ ಎದ್ದರೆ ಚೈನಿನ ಮುಂಭಾಗ ಗಾಳಿಯಲ್ಲಿ. ಹಿಡಿತ ಎಲ್ಲಿಂದ ಬರಬೇಕು? ಆ ಹೊತ್ತಿಗೆ ನಿಮ್ಮ ಸರ್ವೊ ಇಡೀ ಗಾಡಿಯನ್ನೇ ಎತ್ತಿ ಹಿಡಿದಿರುತ್ತೆ. ಅದಕ್ಕೇ ಅಷ್ಟು ಕರೆಂಟ್ ಎಳೆಯುತ್ತಿರಬೇಕು, ಬೆಂಗಳೂರಿನ ಸರ್ ಹೇಳಿದ ಹಾಗೆ.

ದೊಡ್ಡ ಡೋಜರಿನಲ್ಲಿ ಫ್ಲೋಟ್ ಅಂತ ಒಂದು ಸ್ಥಾನ ಇರುತ್ತೆ. ಲಿವರನ್ನು ಅಲ್ಲಿಗೆ ತಳ್ಳಿದರೆ ಹೈಡ್ರಾಲಿಕ್ ಕೈಬಿಡುತ್ತೆ, ಬ್ಲೇಡ್ ತನ್ನ ತೂಕಕ್ಕೆ ತಾನು ನೆಲದ ಮೇಲೆ ಕೂತು ಏರಿಳಿತಕ್ಕೆ ತಕ್ಕಂತೆ ಏಳುತ್ತ ಇಳಿಯುತ್ತ ಸಾಗುತ್ತೆ. ನಿಮ್ಮದರಲ್ಲೂ ಮಾಡಬಹುದು. ಸರ್ವೊ ಕಡ್ಡಿ ಬ್ಲೇಡಿನ ತೋಳಿಗೆ ಸೇರುವ ಕಡೆ ದುಂಡು ತೂತಿನ ಬದಲು 8, 10 ಎಂಎಂ ಉದ್ದದ ಸೀಳುತೂತು ಕೊರೆಯಿರಿ. ಆಗ ಸರ್ವೊ ಎತ್ತಬಲ್ಲದು, ಒತ್ತಲಾರದು. ಪಿವಿಸಿ ಬ್ಲೇಡ್ ಹಗುರ. ಹಿಂದುಗಡೆ ಸೀಸದ ತುಂಡು ಕಟ್ಟಿ, ಕೆಳತುದಿಗೆ ಹಳೇ ಹ್ಯಾಕ್ಸಾ ಬ್ಲೇಡ್ ರಿವೆಟ್ ಹೊಡೆಯಿರಿ. ಅಂಚು ಚೂಪಿದ್ದರೆ ಒತ್ತುವ ಅಗತ್ಯವೇ ಇಲ್ಲ.

ಇನ್ನು ತೂಕ. ನಿಮ್ಮ ಗಾಡಿ ತುಂಬಾ ಹಗುರ. 20 ಟನ್ ಡೋಜರನ್ನು ಹದಿನಾಲ್ಕನೇ ಒಂದಕ್ಕೆ ಇಳಿಸಿದರೆ ತೂಕ ಬರೀ 14ರಿಂದ ಭಾಗ ಆಗಲ್ಲ. ಉದ್ದ, ಅಗಲ, ಎತ್ತರ ಮೂರೂ ಇಳಿಯುತ್ತಲ್ಲ, 14 ಸಲ 14 ಸಲ 14, ಅಂದರೆ 2744ರಿಂದ ಭಾಗಿಸಬೇಕು. 7 ಕೆಜಿ 300 ಗ್ರಾಂ ಬರುತ್ತೆ. ನಿಮ್ಮದು ಅದರ ಅರ್ಧ.

ಗುಡ್ಡೆಗೆ ಎದುರಾಎದುರು ನುಗ್ಗಬೇಡಿ. ತೆಳ್ಳಗೆ ಒಂದು ಪದರ ಕೆರೆದು, ಬ್ಲೇಡ್ ತುಂಬಿದ ಮೇಲೆ ಒಂಚೂರು ಎತ್ತಿ ಹೊತ್ತುಕೊಂಡು ಹೋಗಿ. ಅದೇ ಜಾಡಿನಲ್ಲಿ ನಾಲ್ಕೈದು ಸಲ ಹೋದರೆ ಎರಡು ಬದಿಗೆ ದಿಬ್ಬ ಏಳುತ್ತೆ, ಮಣ್ಣು ಪಕ್ಕಕ್ಕೆ ಚೆಲ್ಲದೆ ಮುಂದೆ ಹೋಗುತ್ತೆ.

ಹುಬ್ಬಳ್ಳಿಯಿಂದ, ಮತ್ತೆ

ಹಿರಿಯರು ಹೇಳಿದ್ದು ಸರಿ. ಆದರೆ ತೂಕ ಏರಿಸುವ ಮೊದಲು ಮೋಟರ್ ನೋಡಿಕೊಳ್ಳಿ. 7 ಕೆಜಿ ಗಾಡಿ ಮಣ್ಣಿನಲ್ಲಿ ಹೆಚ್ಚೆಂದರೆ 5 ಕೆಜಿ ಎಳೆತ ಹಿಡಿಯುತ್ತೆ ಅಂದುಕೊಳ್ಳಿ. ಒಂದು ಕಡೆಗೆ ಎರಡೂವರೆ. 18 ಹಲ್ಲಿನ ಸ್ಪ್ರಾಕೆಟಿನ ತ್ರಿಜ್ಯ 3.65 ಸೆಂಮೀ. ಗುಣಿಸಿದರೆ 9 ಕೆಜಿ-ಸೆಂಮೀ ಟಾರ್ಕ್, ಅಂದರೆ ತಿರುಗಿಸುವ ಬಲ. ನಿಮ್ಮ ಮೋಟರಿನ ನಿಲ್ಲುವ ಟಾರ್ಕ್ (ಭಾರಕ್ಕೆ ತಿರುಗಲಾರದೆ ನಿಂತಾಗ ಅದು ಕೊಡುವ ಬಲ) ಇದರ ಎರಡು ಮೂರು ಪಟ್ಟು ಇರಬೇಕು. ಮೋಟರ್ ನಿಲ್ಲುವ ಮೊದಲು ಚೈನು ಜಾರಬೇಕು, ಆಗ ಯಾವುದೂ ಸುಡೋದಿಲ್ಲ. ವೇಗ ಮಾತ್ರ ಮುಟ್ಟಬೇಡಿ. 60 ಸುತ್ತಿಗೆ ಗಂಟೆಗೆ 0.8 ಕಿಮೀ, 14ರಿಂದ ಗುಣಿಸಿದರೆ 11. ದೊಡ್ಡ ಡೋಜರೂ ಸುಮಾರು ಅಷ್ಟೇ ಓಡೋದು.

ತೂಕಕ್ಕೆ ಸೀಸ ಹುಡುಕುತ್ತ ಗುಜರಿ ಅಂಗಡಿ ಸುತ್ತುವ ಬದಲು ಯುಪಿಎಸ್ಸಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಇಡಿ. ಎರಡು ಕೆಜಿ ಚಿಲ್ಲರೆ ತೂಗುತ್ತೆ, ಮೋಟರನ್ನೂ ಓಡಿಸುತ್ತೆ.

ಬೆಂಗಳೂರಿನಿಂದ, ಮತ್ತೆ

ಯುಪಿಎಸ್ ಬ್ಯಾಟರಿ ಒಳ್ಳೆ ಐಡಿಯಾ. ಲಿಪೊ ಥರ ಸೆಲ್ 3 ವೋಲ್ಟಿಗಿಂತ ಕೆಳಗೆ ಹೋಯಿತಾ ಅಂತ ಕಾಯುತ್ತ ಕೂರಬೇಕಿಲ್ಲ. ಆದರೆ ಫ್ಯೂಸ್ ಹಾಕದೆ ಕೊಡಬೇಡಿ. ಶಾರ್ಟ್ ಆದರೆ ಅದೂ ವೈರನ್ನು ಕೆಂಪಗೆ ಕಾಯಿಸುತ್ತೆ. ಮತ್ತೆ, 7 ಕೆಜಿ ಗಾಡಿ ಅಂದಮೇಲೆ ಫೇಲ್‌ಸೇಫ್ ಸೆಟ್ ಮಾಡಿದ್ದೀರಾ? ರಿಮೋಟ್ ಆಫ್ ಮಾಡಿದರೆ ಗಾಡಿ ನಿಲ್ಲಬೇಕು. ಗಾಡಿಯನ್ನು ಇಟ್ಟಿಗೆ ಮೇಲೆ ನಿಲ್ಲಿಸಿ, ಚೈನು ಗಾಳಿಯಲ್ಲಿ ತಿರುಗುವಾಗ ಆಫ್ ಮಾಡಿ ನೋಡಿ.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ವರದಿ ಒಪ್ಪಿಸುತ್ತೇನೆ. ಮೊದಲು ಪೆನ್ಸಿಲ್ ಸೆಲ್ ಹಾಕಿ ನೋಡಿದೆ. ಗಾಡಿ ಒಂದು ಸಲವೂ ನಿಲ್ಲಲಿಲ್ಲ. ಆದರೆ ಬ್ಲೇಡ್ ಒತ್ತಿದಾಗ ಸರ್ವೊ ಗುಂಯ್ ಅನ್ನುತ್ತಲೇ ಇತ್ತು, ಮುಟ್ಟಿದರೆ ಬಿಸಿ. ಆಮೇಲೆ ಕೆಜಿಎಫ್ ಯಜಮಾನರು ಹೇಳಿದಂತೆ ತೂತನ್ನು ಅರದಿಂದ ಉದ್ದ ಮಾಡಿದೆ. ಗುಂಯ್ ನಿಂತಿತು. ಕುತೂಹಲಕ್ಕೆ ಹಳೇ ಬಿಇಸಿಗೇ ವಾಪಸ್ ಹಾಕಿ ನೋಡಿದೆ, ಆಗಲೂ ಗಾಡಿ ನಿಲ್ಲಲಿಲ್ಲ! ಆದರೂ ಹೊಸ ಬಿಇಸಿ ತರಿಸಿ ಹಾಕಿದ್ದೇನೆ, ಬೈಯಬೇಡಿ ಸರ್.

ದಾರ ಹಿಡಿದಾಗ ಎಡಗಡೆ ಚಕ್ರ ಮೂರು ಎಂಎಂ ಒಳಗೆ ಬಾಗಿತ್ತು. ಆಂಗಲ್ ಬಿಗಿದೆ. ಯುಪಿಎಸ್ ಬ್ಯಾಟರಿ, ಬ್ಲೇಡಿಗೆ ಸೀಸ ಎಲ್ಲ ಸೇರಿ ಈಗ 6 ಕೆಜಿ 400 ಗ್ರಾಂ. ಮೊನ್ನೆ ಭಾನುವಾರ ಮನೆ ಮುಂದೆ ಬಿದ್ದಿದ್ದ ಎಂ ಸ್ಯಾಂಡ್ ಗುಡ್ಡೆಯಲ್ಲಿ ಒಂದು ಗಂಟೆ ಜಾಡು ಹೊಡೆದೆ. ಚೈನು ಬೀಳಲಿಲ್ಲ. ಬಲಕ್ಕೆ ಸ್ವಲ್ಪ ಎಳೆಯುತ್ತೆ, ಆ ಕಡೆ ಚೈನು ಇನ್ನೂ ಬಿಗಿ ಇದೆ ಅನ್ನಿಸುತ್ತೆ. ಮೇಲಿನ ಚೈನು ಬೆರಳಿಗೆ 3 ಎಂಎಂ ಮಾತ್ರ ಏಳುತ್ತೆ. ಹುಬ್ಬಳ್ಳಿ ಸರ್, ಒಂದು ಕೊಂಡಿ ಸೇರಿಸಲಾ, ಅಥವಾ ಮುಂದಿನ ಚಕ್ರದ ಬೋಲ್ಟ್ ಸಡಿಲ ಮಾಡಿದರೆ ಸಾಕಾ?

ಹುಬ್ಬಳ್ಳಿಯಿಂದ

ಬೋಲ್ಟ್ ಸಡಿಲ ಮಾಡ್ರೀ, ಸಾಕು. ಕೊಂಡಿ ಒಂದೇ ಸೇರಿಸೋಕೆ ಆಗಲ್ಲ, ಒಳಗಿನದು ಹೊರಗಿನದು ಜೋಡಿಯಾಗೇ ಬರಬೇಕು.