ಧಾರಣೆ ಯಾವಾಗ ಧ್ಯಾನ ಆಗುತ್ತದೆ? 12 ಸೆಕೆಂಡಿನ ಲೆಕ್ಕ ಸರಿಯೇ?

ಹೊಸಹೆಜ್ಜೆ (ಪ್ರಶ್ನೆ)

ಪತಂಜಲಿಯ ಯೋಗಸೂತ್ರದ ಮೂರನೇ ಪಾದ ಓದುತ್ತಿದ್ದೇನೆ. ಧಾರಣೆ, ಧ್ಯಾನ, ಸಮಾಧಿ ಮೂರಕ್ಕೂ ಒಂದೊಂದೇ ಸೂತ್ರದ ವ್ಯಾಖ್ಯೆ. ಓದುವಾಗ ಅರ್ಥವಾಗುತ್ತದೆ, ಕಣ್ಣು ಮುಚ್ಚಿ ಕೂತರೆ ಎಲ್ಲ ಕಲಸುಮೇಲೋಗರ. ಅಭ್ಯಾಸ ಇಷ್ಟು: ದಿನಕ್ಕೆ 20 ನಿಮಿಷ, ಮೂಗಿನ ತುದಿಯಲ್ಲಿ ಉಸಿರಿನ ಮೇಲೆ ಗಮನ.

ಮನಸ್ಸು 12 ಸೆಕೆಂಡು ನಿಂತರೆ ಧಾರಣೆ, ಅದರ 12 ಪಟ್ಟು ಧ್ಯಾನ, ಮತ್ತೆ 12 ಪಟ್ಟು ಸಮಾಧಿ ಅನ್ನುತ್ತಾರೆ. ಇದು ಪತಂಜಲಿ ಹೇಳಿದ್ದೇ? ಇನ್ನೊಂದು, ಸುಮಾರು ಹತ್ತು ನಿಮಿಷ ಆದ ಮೇಲೆ ಒಂದು ಖಾಲಿತನ ಬರುತ್ತದೆ, ಆಮೇಲೆ ಏನಿತ್ತು ಅಂತ ಕೇಳಿದರೆ ಹೇಳಲಾಗದು. ಅದು ಧ್ಯಾನವೋ ನಿದ್ದೆಯೋ? ಕೊನೆಯದು, ಮನಸ್ಸನ್ನು ಎಳೆದೆಳೆದು ತಂದು ಹುಬ್ಬಿನ ಹತ್ತಿರ ಭಾರ, ತಲೆನೋವು. ತಪ್ಪು ಎಲ್ಲಿದೆ?

ಸೂತ್ರಪಾಠ

ಮೊದಲು ಲೆಕ್ಕದ ವಿಷಯ. ಯೋಗಸೂತ್ರದಲ್ಲಾಗಲಿ ಅದರ ವ್ಯಾಖ್ಯಾನವಾದ ವ್ಯಾಸಭಾಷ್ಯದಲ್ಲಾಗಲಿ 12 ಸೆಕೆಂಡು ಎಂಬ ಮಾತಿಲ್ಲ. ಅದರ ಮೂಲ ಕೂರ್ಮಪುರಾಣ. ಅಲ್ಲಿ ಇರುವುದು 'ಧಾರಣಾ ದ್ವಾದಶಾಯಾಮಾ', ಅಂದರೆ ಹನ್ನೆರಡು ಪ್ರಾಣಾಯಾಮದಷ್ಟು ಕಾಲ. ವಿವೇಕಾನಂದರು 1896ರ ರಾಜಯೋಗದಲ್ಲಿ ಆ ಪುರಾಣದ ಸಾರ ಕೊಡುವಾಗ ಅದು ಸೆಕೆಂಡಿನ ಲೆಕ್ಕವಾಗಿ ಬಂತು. ಗುಣಿಸಿದರೆ ಧ್ಯಾನ 144 ಸೆಕೆಂಡು, ಸಮಾಧಿ 1728 ಸೆಕೆಂಡು, ಅಂದರೆ 29 ನಿಮಿಷಕ್ಕೆ 12 ಸೆಕೆಂಡು ಕಡಿಮೆ. ಒಂದಕ್ಕಿಂತ ಇನ್ನೊಂದು ಎಷ್ಟು ದೂರದಲ್ಲಿದೆ ಎಂದು ತೋರಿಸಲು ಈ ಲೆಕ್ಕ ಒಳ್ಳೆಯದು. ಕೂತಾಗ ಅಳೆಯಲು ಹೊರಟರೆ ಕೆಡುತ್ತದೆ, ಏಕೆಂದರೆ 'ಎಂಟಾಯಿತು, ಒಂಬತ್ತಾಯಿತು' ಎನ್ನುವುದೇ ಇನ್ನೊಂದು ವೃತ್ತಿ, ಅಂದರೆ ಮನಸ್ಸಿನ ಇನ್ನೊಂದು ಅಲೆ. ಎಣಿಸುತ್ತಿರುವ ಮನಸ್ಸು ಉಸಿರಿನ ಮೇಲೆ ಇಲ್ಲ.

ಪತಂಜಲಿ ಭೇದ ಮಾಡುವುದು ಕಾಲದಿಂದಲ್ಲ, ಪ್ರತ್ಯಯದಿಂದ. ಪ್ರತ್ಯಯ ಎಂದರೆ ಚಿತ್ತದಲ್ಲಿ ಆ ಕ್ಷಣಕ್ಕೆ ಮೂಡಿದ ಅರಿವು. 'ದೇಶಬಂಧಶ್ಚಿತ್ತಸ್ಯ ಧಾರಣಾ' (3.1, ಅಂದರೆ ಮೂರನೇ ಪಾದದ ಮೊದಲ ಸೂತ್ರ): ಚಿತ್ತವನ್ನು ಒಂದು ಜಾಗಕ್ಕೆ ಕಟ್ಟುವುದು. ಕರುವನ್ನು ಗೂಟಕ್ಕೆ ಕಟ್ಟಿದ್ದೀರಿ, ಹಗ್ಗ ಇದ್ದಷ್ಟು ದೂರ ಅದು ಹೋಗುತ್ತದೆ, ಮತ್ತೆ ಬರುತ್ತದೆ. ಹೋಗುವುದು, ಬರುವುದು ಎರಡೂ ಧಾರಣೆಯ ಒಳಗೇ ಇವೆ. 'ತತ್ರ ಪ್ರತ್ಯಯೈಕತಾನತಾ ಧ್ಯಾನಮ್' (3.2): ಅದೇ ಜಾಗದಲ್ಲಿ ಪ್ರತ್ಯಯ ಒಂದೇ ಎಳೆಯಾಗಿ ಹರಿಯುವುದು. ಭಾಷ್ಯ ಇದಕ್ಕೆ 'ಪ್ರತ್ಯಯಾಂತರೇಣ ಅಪರಾಮೃಷ್ಟಃ' ಎನ್ನುತ್ತದೆ, ಬೇರೆ ಪ್ರತ್ಯಯ ಮುಟ್ಟದೆ ಇರುವುದು. ಹನಿ ಹನಿಯಾಗಿ ಬೀಳುವ ನೀರಿಗೂ ಎಣ್ಣೆಯ ಧಾರೆಗೂ ಇರುವ ವ್ಯತ್ಯಾಸ ಅಂತ ಪಾಠ ಹೇಳುವವರು ಹೇಳುವುದು ಇದನ್ನೇ.

'ತತ್ರ' ಎಂಬ ಪದವನ್ನು ಹಗುರವಾಗಿ ದಾಟಬೇಡಿ. ಅದೇ ಆಲಂಬನ (ಮನಸ್ಸು ಹಿಡಿದುಕೊಳ್ಳುವ ವಿಷಯ), ಅದೇ ಜಾಗ. ಧಾರಣೆಗೆ ಮೂಗಿನ ತುದಿ, ಧ್ಯಾನಕ್ಕೆ ಹೃದಯ, ಸಮಾಧಿಗೆ ನೆತ್ತಿ ಎಂದು ಹಂತ ಹಂತವಾಗಿ ಜಾಗ ಬದಲಿಸುವ ಕ್ರಮ ಈ ಸೂತ್ರಗಳಲ್ಲಿ ಇಲ್ಲ. ಒಂದೇ ವಿಷಯದ ಮೇಲೆ ಮೂರೂ ನಡೆದರೇನೇ ಅದಕ್ಕೆ ಸಂಯಮ ಎಂಬ ಹೆಸರು (3.4).

ನಿಮ್ಮ 'ಖಾಲಿ'ಗೆ ಉತ್ತರ 3.3ರಲ್ಲೇ ಇದೆ. ಸಮಾಧಿಯನ್ನು 'ಅರ್ಥಮಾತ್ರನಿರ್ಭಾಸಂ ಸ್ವರೂಪಶೂನ್ಯಮಿವ' ಎಂದಿದ್ದಾರೆ. ವಸ್ತು ಮಾತ್ರ ಬೆಳಗುತ್ತದೆ, ನೋಡುತ್ತಿರುವ ಮನಸ್ಸು ತಾನೇ ಇಲ್ಲವೇನೋ *ಎಂಬಂತೆ* ಇರುತ್ತದೆ. ಆ 'ಇವ' ಬಹಳ ಮುಖ್ಯ. ಶೂನ್ಯವಾದಂತೆ ಇರುವುದು ಮನಸ್ಸಿನ ಸ್ವರೂಪ, ವಸ್ತುವಲ್ಲ. ನಿಮ್ಮಲ್ಲಿ ಉಸಿರೂ ಇರಲಿಲ್ಲ, ಅರಿವೂ ಇರಲಿಲ್ಲ ಎಂದರೆ ಅದು ಈ ಸಾಲಿನಲ್ಲಿ ಕೂರುವುದಿಲ್ಲ. ಆಲಂಬನವೇ ಇಲ್ಲದ ಅಸಂಪ್ರಜ್ಞಾತ ಸಮಾಧಿ ಬೇರೆ ಇದೆಯಲ್ಲ ಎಂದು ಕೇಳಬಹುದು. ಇದೆ, ಆದರೆ ಅದು ಪರವೈರಾಗ್ಯದ (ಅತ್ಯುನ್ನತ ವೈರಾಗ್ಯದ) ಫಲ, ಹತ್ತನೇ ನಿಮಿಷಕ್ಕೆ ತಾನಾಗಿ ಬಂದು ಕೂರುವ ಮಂಪರು ಅಲ್ಲ.

ನೇರಬೆನ್ನು

ತಲೆನೋವಿನ ಬಗ್ಗೆ. ಹೆಚ್ಚಿನ ಸಲ ಇದು ಗಮನದ ತೊಂದರೆಯೇ ಅಲ್ಲ, ಕಣ್ಣಿನ ತೊಂದರೆ. 'ಮೂಗಿನ ತುದಿ' ಎಂದ ಕೂಡಲೇ ಮುಚ್ಚಿದ ರೆಪ್ಪೆಯೊಳಗೆ ಎರಡೂ ಕಣ್ಣು ಒಳಮುಖವಾಗಿ ತಿರುಗಿ ಆ ತುದಿಯನ್ನು ನೋಡಲು ಹೆಣಗುತ್ತವೆ. ಹುಬ್ಬು ಗಂಟಿಕ್ಕುತ್ತದೆ, ಹಲ್ಲು ಕಚ್ಚಿಕೊಳ್ಳುತ್ತದೆ. ಅಲ್ಲಿ ನೋಡುವುದೇನೂ ಇಲ್ಲ, ಮುಟ್ಟುವುದು ಇದೆ. ಕಣ್ಣುಗುಡ್ಡೆಗಳು ಕೆಳಗೆ ಬಿದ್ದುಕೊಂಡಿರಲಿ, ಗಮನ ಚರ್ಮಕ್ಕೆ ಹೋಗಲಿ. ಒಳಗೆ ಬರುವ ಗಾಳಿ ಮೂಗಿನ ಹೊಳ್ಳೆಯ ಅಂಚಿಗೆ ತಣ್ಣಗೆ ತಾಗುತ್ತದೆ, ಹೊರಗೆ ಹೋಗುವುದು ಸ್ವಲ್ಪ ಬೆಚ್ಚಗೆ ಮೇಲ್ತುಟಿಗೆ ಸವರಿ ಹೋಗುತ್ತದೆ. ಅಷ್ಟೇ ಆಲಂಬನ.

ಕೂರುವ ರೀತಿಯನ್ನೂ ನೋಡಿಕೊಳ್ಳಿ. ಚಕ್ಕಂಬಕ್ಕಳ ಹಾಕಿದಾಗ ಮಂಡಿ ಸೊಂಟಕ್ಕಿಂತ ಮೇಲಿದ್ದರೆ ಸೊಂಟದ ಮೂಳೆ ಹಿಂದಕ್ಕೆ ವಾಲುತ್ತದೆ, ಕೆಳಬೆನ್ನು ಗೂನಾಗುತ್ತದೆ, ಅದನ್ನು ಸರಿಪಡಿಸಲು ಕುತ್ತಿಗೆ ಮುಂದಕ್ಕೆ ಚಾಚುತ್ತದೆ. ಆ ಕುತ್ತಿಗೆಯಿಂದಲೂ ತಲೆನೋವು ಬರುತ್ತದೆ. ಗಟ್ಟಿ ಕಂಬಳಿಯನ್ನು ಮಡಿಸಿ 10ರಿಂದ 15 ಸೆಂಟಿಮೀಟರ್ ಎತ್ತರ ಮಾಡಿ, ಅದರ ಮುಂದಿನ ಅರ್ಧಕ್ಕೆ ಮಾತ್ರ ಕೂತು, ಮಂಡಿ ಕೆಳಗಿಳಿಯಲು ಬಿಡಿ. ಆದರೂ ಆಗದಿದ್ದರೆ ಕುರ್ಚಿ. ಇದರಲ್ಲಿ ಸಣ್ಣತನವೇನಿಲ್ಲ, ವ್ಯಾಸಭಾಷ್ಯ ಆಸನಗಳನ್ನು ಹೆಸರಿಸುವಾಗ ಪದ್ಮಾಸನ, ವೀರಾಸನದ ಜೊತೆಗೇ 'ಸೋಪಾಶ್ರಯ'ವನ್ನೂ ಹೇಳುತ್ತದೆ, ಅಂದರೆ ಆಧಾರ ಇಟ್ಟುಕೊಂಡು ಕೂರುವುದು. 'ಸ್ಥಿರಸುಖಮಾಸನಮ್' ಆದ ಮೇಲೆ ಬರುವ ಸೂತ್ರ 'ಪ್ರಯತ್ನಶೈಥಿಲ್ಯ' ಎನ್ನುತ್ತದೆ, ಪ್ರಯತ್ನ ಸಡಿಲವಾಗಬೇಕು. ಕೂತ ಮೇಲೆ ಒಂದು ನಿಮಿಷ ಇದಕ್ಕೇ ಕೊಡಿ: ಹಣೆ, ನಾಲಿಗೆಯ ಬುಡ, ದವಡೆ, ಭುಜ, ಅಂಗೈ, ಹೊಟ್ಟೆ.

ಆಮೇಲೆ ಉಸಿರು. ನೇರವಾಗಿ ಗಮನಕ್ಕೆ ಇಳಿಯಬೇಡಿ. ನಾಲ್ಕು ಎಣಿಕೆಗೆ ಒಳಗೆ, ಆರರಿಂದ ಎಂಟು ಎಣಿಕೆಗೆ ಹೊರಗೆ, ಇಂಥ ಹತ್ತು ಹನ್ನೆರಡು ಸುತ್ತು. ಎಣಿಕೆಯ ಜಾಗ ಇದು, ಧಾರಣೆಯಲ್ಲ. 1.34 ಉಸಿರನ್ನು ಹೊರಬಿಟ್ಟು ತಡೆಯುವುದನ್ನೂ ಹೇಳುತ್ತದೆ, ಆದರೆ ಹೊಸಬರು ತಡೆಯುವ ಗೋಜಿಗೆ ಹೋಗಬೇಡಿ. ರಕ್ತದೊತ್ತಡ, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ತಡೆಯಲೇಬಾರದು. ಸುತ್ತು ಮುಗಿದ ಕೂಡಲೇ ಉಸಿರನ್ನು ಅದರ ಪಾಡಿಗೆ ಬಿಟ್ಟುಬಿಡಿ. ಇಲ್ಲಿ ಬಹಳ ಜನ ಎಡವುತ್ತಾರೆ: ಗಮನಿಸುತ್ತಿದ್ದೇವೆ ಅಂದುಕೊಂಡು ಉಸಿರನ್ನು ನಡೆಸುತ್ತಲೇ ಇರುತ್ತಾರೆ, ಐದು ನಿಮಿಷಕ್ಕೆ ಎದೆ ಬಿಗಿಯುತ್ತದೆ.

ಮನಸ್ಸು ಎಲ್ಲಿ ಜಾರುತ್ತದೆ ಎಂದು ಹತ್ತಿರದಿಂದ ನೋಡಿದರೆ, ಉಸಿರು ಪೂರ್ತಿ ಹೊರಗೆ ಹೋಗಿ ಮುಂದಿನದು ಶುರುವಾಗುವ ಮೊದಲು ಒಂದು ಚಿಕ್ಕ ಬಿಡುವಿದೆಯಲ್ಲ, ಹೆಚ್ಚಾಗಿ ಅಲ್ಲಿ. ಸ್ಪರ್ಶ ತೆಳುವಾಗುತ್ತದೆ, ಹಿಡಿಯಲು ಏನೂ ಸಿಗದು, ಆ ಸಂದಿನಲ್ಲಿ ನಾಳೆಯ ಕೆಲಸ ನುಗ್ಗುತ್ತದೆ. ಹಾಗಾಗಿ ಹೊರಬಿಡುವ ಉಸಿರಿನ ಬಾಲವನ್ನು ಕೊನೆಯವರೆಗೆ ಅನುಸರಿಸಿ, ಸ್ಪರ್ಶ ನಿಂತ ಜಾಗದಲ್ಲೇ ಕಾಯಿರಿ. ಇದೊಂದನ್ನು ಎರಡು ವಾರ ಮಾಡಿದರೆ ಎಳೆದಾಟ ಗಣನೀಯವಾಗಿ ಕಡಿಮೆಯಾಗುತ್ತದೆ.

ಮೌನಿ

ನಿದ್ದೆಯ ವಿಷಯಕ್ಕೆ ಸ್ವಲ್ಪ ಸೇರಿಸುತ್ತೇನೆ, ಇದನ್ನು ಸಮಾಧಿ ಎಂದು ತಪ್ಪು ತಿಳಿದು ವರ್ಷಗಟ್ಟಲೆ ಕಳೆಯುವವರಿದ್ದಾರೆ, ಅದು ನಿಜಕ್ಕೂ ಬೇಸರದ ಸಂಗತಿ. ಪತಂಜಲಿ ನಿದ್ರೆಯನ್ನು ವೃತ್ತಿ ಎಂದೇ ಎಣಿಸಿದ್ದಾರೆ: ಪ್ರಮಾಣ (ಸರಿಯಾದ ಅರಿವು), ವಿಪರ್ಯಯ (ತಪ್ಪು ಅರಿವು), ವಿಕಲ್ಪ (ಬರೀ ಮಾತಿನ ಕಲ್ಪನೆ), ನಿದ್ರಾ, ಸ್ಮೃತಿ (ನೆನಪು). ಎದ್ದ ಮೇಲೆ 'ಚೆನ್ನಾಗಿ ನಿದ್ದೆ ಬಂತು' ಎಂದು ನೆನಪಾಗುತ್ತದಲ್ಲ, ಅನುಭವವೇ ಇಲ್ಲದಿದ್ದರೆ ಆ ನೆನಪು ಎಲ್ಲಿಂದ ಬರಬೇಕು ಎಂದು ಭಾಷ್ಯದ ವಾದ. ಹಾಗಾಗಿ ನಿದ್ರೆಯೂ ನಿರೋಧಿಸಬೇಕಾದದ್ದೇ, ಅಂದರೆ ನಿಲ್ಲಿಸಬೇಕಾದದ್ದೇ.

ಗುರುತುಗಳು ಸುಲಭ. ಗಲ್ಲ ಎದೆಯ ಕಡೆ ಇಳಿದಿದೆ, ಬೆನ್ನು ಕುಸಿದಿದೆ, ತಾಗಿಸಿಟ್ಟ ಹೆಬ್ಬೆರಳುಗಳು ಬೇರೆಯಾಗಿವೆ, ಸಣ್ಣ ಶಬ್ದಕ್ಕೂ ಬೆಚ್ಚಿಬೀಳುತ್ತೀರಿ, ಎದ್ದ ಮೇಲೆ ತಲೆ ಜಡ. ಹೀಗಿದ್ದರೆ ಅದು ತೂಕಡಿಕೆ. ಬೆನ್ನು ತಾನಾಗಿ ನೆಟ್ಟಗಿದೆ, ಉಸಿರು ಸಣ್ಣದಾಗಿದೆ, ಎದ್ದಾಗ ತಿಳಿಯಾಗಿದೆ, ಉಸಿರಿನ ನೆನಪು ಮಧ್ಯೆ ಕಡಿದಿಲ್ಲ ಎಂದರೆ ಬೇರೆ ಮಾತು. ಎರಡು ಕೈಯ ಹೆಬ್ಬೆರಳ ತುದಿಗಳನ್ನು ಹಗುರವಾಗಿ ತಾಗಿಸಿ ಕೂರಿ. ಮಂಪರು ಬಂದಾಗ ಮೊದಲು ಬಿಡುವುದು ಅವೇ.

ಗೌಡಪಾದರ ಕಾರಿಕೆ ಯೋಗದರ್ಶನದ್ದಲ್ಲ, ವೇದಾಂತದ್ದು. ಆದರೂ ಅದರ 'ಲಯೇ ಸಂಬೋಧಯೇಚ್ಚಿತ್ತಂ ವಿಕ್ಷಿಪ್ತಂ ಶಮಯೇತ್ ಪುನಃ' ಎಂಬ ಸಾಲು ಇಲ್ಲಿ ತುಂಬ ಉಪಯೋಗದ್ದು. ಮನಸ್ಸು ಲಯವಾದರೆ (ಮಂಪರಿಗೆ ಜಾರಿದರೆ) ಎಬ್ಬಿಸು, ಚದುರಿದರೆ ಶಮನ ಮಾಡು. ಮದ್ದು ಎರಡಕ್ಕೂ ಒಂದೇ ಅಲ್ಲ. ಚದುರಿದಾಗ ಹೊರಹೋಗುವ ಉಸಿರಿಗೆ ಒತ್ತು ಕೊಡಿ, ಮಂಪರಾದಾಗ ಒಳಬರುವ ಉಸಿರಿಗೆ, ಕಣ್ಣು ಅರ್ಧ ತೆರೆದು. ಹೊಟ್ಟೆ ತುಂಬ ಉಂಡ ಮೇಲೆ ಎರಡು ಮೂರು ಗಂಟೆ ಕೂರಬೇಡಿ. ರಾತ್ರಿಯ ನಿದ್ದೆ ಸಾಲದಿದ್ದರೆ ಯಾವ ಉಪಾಯವೂ ನಡೆಯುವುದಿಲ್ಲ, ಆ ದಿನ ಮಲಗುವುದೇ ಸರಿ.

ಹೊಸಹೆಜ್ಜೆ

ಕಣ್ಣಿನ ವಿಷಯ ಸರಿಯಾಗಿ ಹಿಡಿದಿದ್ದೀರಿ, ಹುಬ್ಬಿನ ಭಾರ ಅದೇ. ಇನ್ನೊಂದು ಸಂದೇಹ. ಉಸಿರು ಬಹಳ ಸಣ್ಣದಾಗಿ ಸ್ಪರ್ಶವೇ ಸಿಗದಾದಾಗ ಓಂಕಾರ ಜಪಕ್ಕೆ ಬದಲಾಯಿಸಬಹುದೇ? ಮತ್ತೆ ಮತ್ತೆ ಎಳೆದು ತರುವುದನ್ನೇ ಅಲ್ಲವೇ ನಿರೋಧ ಎನ್ನುವುದು?

ಸೂತ್ರಪಾಠ

ಅದೇ ಕೂತಿಕೆಯಲ್ಲಿ ಬದಲಾಯಿಸಬೇಡಿ. ಉಸಿರು ಸಣ್ಣದಾಗಿದ್ದು ಒಳ್ಳೆಯದೇ. 1.31 ವಿಕ್ಷೇಪದ (ಮನಸ್ಸು ಚದುರುವುದರ) ಜೊತೆಗಾರರನ್ನು ಎಣಿಸುತ್ತದೆ: ದುಃಖ, ದೌರ್ಮನಸ್ಯ, ಅಂಗಗಳ ನಡುಕ, ಅಂಕೆಯಿಲ್ಲದ ಶ್ವಾಸಪ್ರಶ್ವಾಸ. ಕೊನೆಯದು ಅಡಗಿದೆ ಎಂದರೆ ವಿಕ್ಷೇಪ ಇಳಿಯುತ್ತಿದೆ. ಸ್ಪರ್ಶ ಕೊನೆಯದಾಗಿ ಸಿಕ್ಕ ಜಾಗದಲ್ಲೇ ಗಮನ ಇರಲಿ, ಹುಡುಕಾಡಿ ಉಸಿರನ್ನು ಜೋರು ಮಾಡಬೇಡಿ.

ಜಪವೇ ಹಿಡಿಸುತ್ತದೆ ಎಂದಾದರೆ ಮೊದಲಿನಿಂದಲೇ ಜಪ ಇಟ್ಟುಕೊಳ್ಳಿ. 'ಯಥಾಭಿಮತಧ್ಯಾನಾದ್ವಾ' (1.39) ಆಯ್ಕೆಯ ಸ್ವಾತಂತ್ರ್ಯ ಕೊಡುತ್ತದೆ, ಆದರೆ 1.32 ಒಂದೇ ತತ್ತ್ವದ ಅಭ್ಯಾಸ ಎನ್ನುತ್ತದೆ. ಆಯ್ದುಕೊಂಡು ಕನಿಷ್ಠ ಮೂರು ತಿಂಗಳು ಇರಿ. 1.28 'ತಜ್ಜಪಸ್ತದರ್ಥಭಾವನಮ್' ಎಂದಿದೆ, ಜಪದ ಜೊತೆ ಅರ್ಥದ ಭಾವನೆ. ನಾಲಿಗೆ ಓಂ ಎನ್ನುತ್ತಾ ಮನಸ್ಸು ಪಟ್ಟಿ ಬರೆಯುತ್ತಿದ್ದರೆ ಅದು ಅರ್ಧ ಸೂತ್ರ.

ನಿರೋಧವನ್ನು ಅದುಮುವುದು ಎಂದು ಓದಿದಾಗಲೇ ಎಳೆದಾಟ ಶುರುವಾಗುತ್ತದೆ. 1.12 ಅದಕ್ಕೆ ಎರಡು ಕೈ ಕೊಟ್ಟಿದೆ, ಅಭ್ಯಾಸ ಮತ್ತು ವೈರಾಗ್ಯ. ಯೋಚನೆ ಬಂದದ್ದು ತಿಳಿದ ಕ್ಷಣವೇ ಅದರ ಜೊತೆಗಿನ ವ್ಯವಹಾರ ನಿಲ್ಲಿಸುವುದು ವೈರಾಗ್ಯ, ಮೂಗಿನಂಚಿಗೆ ಬರುವುದು ಅಭ್ಯಾಸ. 'ಛೇ, ಮತ್ತೆ ಹೋಯಿತು' ಎಂಬ ಬೈಗುಳ ಎರಡರಲ್ಲೂ ಸೇರಿಲ್ಲ. ಅದು ಮೂರನೆಯ ವೃತ್ತಿ.

ನೇರಬೆನ್ನು

ಒಂದು ಎಚ್ಚರಿಕೆ ಬಿಟ್ಟುಹೋಯಿತು. ತಲೆಯ ಭಾರ ಕಣ್ಣು ಸಡಿಲಿಸಿದರೂ ವಾರದೊಳಗೆ ಇಳಿಯದಿದ್ದರೆ ಮೂಗಿನ ತುದಿಯನ್ನು ಬಿಟ್ಟು ಹೃದಯದ ಜಾಗ ಹಿಡಿಯಿರಿ, 3.1ರ ಭಾಷ್ಯ ಹೇಳುವ ಜಾಗಗಳಲ್ಲಿ ಅದೂ ಇದೆ. ಗಾಬರಿ, ನಿದ್ದೆ ಬಾರದಿರುವುದು, ಸುತ್ತಲಿನದು ಅವಾಸ್ತವ ಅನ್ನಿಸುವುದು ಹೆಚ್ಚಾದರೆ ಹತ್ತು ನಿಮಿಷಕ್ಕೆ ಇಳಿಸಿ, ಕಣ್ಣು ತೆರೆದು ಕೂರಿ. ಹಾಗೂ ಮುಂದುವರಿದರೆ ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಿ. ಮತ್ತೆ, ಸಮಯಕ್ಕೆ ಅಲಾರಂ ಇಡುವುದಾದರೆ ಮೆತ್ತನೆಯ ಸದ್ದಿನದು ಇಡಿ. ಸದ್ದು ಬಂದ ಕೂಡಲೇ ಏಳದೆ ಮೂರು ಉಸಿರು ಹಾಗೇ ಕೂತು, ಬೆರಳು ಆಡಿಸಿ, ಆಮೇಲೆ ಕಣ್ಣು ತೆರೆಯಿರಿ.