ಪದ ಬೇಕು: ಡಯಾಫ್ರಾಮ್ ಪೇಸಿಂಗ್ (ಶುಕ್ರವಾರದೊಳಗೆ)

ಎಲ್ರಿಗೂ ನಮಸ್ಕಾರ, ಒಂದು ಪದ ಅರ್ಜೆಂಟಾಗಿ ಬೇಕಿತ್ತು. ನಾನಿರೋದು ಅಮೆರಿಕದಲ್ಲಿ. ಇಲ್ಲಿ ಗೊತ್ತಿರೋರ ಮಗ ಈಜುಕೊಳಕ್ಕೆ ತಲೆ ಕೆಳಗಾಗಿ ಹಾರಿ ಕತ್ತಿನ ಮೂಳೆ ಮುರ್ಕೊಂಡು ವೆಂಟಿಲೇಟರ್ ಮೇಲಿದಾನೆ, ಅಪ್ಪ ಅಮ್ಮ ಹಾಸನದ ಕಡೆಯಿಂದ ಬಂದಿದಾರೆ, ಕನ್ನಡ ಬಿಟ್ರೆ ಬೇರೆ ಬರಲ್ಲ. ಡಾಕ್ಟರು ಡಯಾಫ್ರಾಮ್ ಪೇಸಿಂಗ್ (ಎದೆ ಹೊಟ್ಟೆ ನಡುವೆ ಉಸಿರೆಳೆಯೋ ಸ್ನಾಯುಗೆ ಸಣ್ಣ ವಿದ್ಯುತ್ ಕೊಟ್ಟು ಕೆಲಸ ಮಾಡ್ಸೋದು) ಮಾಡೋಣ ಅಂತಿದಾರೆ, ಶುಕ್ರವಾರ ಮೀಟಿಂಗು, ಅಷ್ಟರೊಳಗೆ ಎರಡು ಪುಟದ ಹಾಳೇನ ನಾನು ಕನ್ನಡಕ್ಕೆ ಮಾಡಿಕೊಡ್ಬೇಕು. "ವಪೆಯ ವಿದ್ಯುತ್ ಪ್ರಚೋದನೆ" ಅಂತ ಬರೆದು ಓದಿ ಹೇಳ್ದೆ. ಅಪ್ಪ "ವಪೆ ಅಂದ್ರೇನಮ್ಮ" ಅಂದ್ರು. ಅಮ್ಮ ನನ್ನ ಕೈ ಹಿಡ್ಕೊಂಡು "ಮಗೂಗೆ ಕರೆಂಟ್ ಹೊಡೆಸ್ತಾರಾ" ಅಂತ ಕೇಳಿದ್ರು. ಆ ಹಾಳೆ ಅಲ್ಲೇ ಮಡಚಿಟ್ಟೆ. ದಯವಿಟ್ಟು ಸಹಾಯ ಮಾಡಿ.

* * *

ಮೊದಲು ವಪೆ ಬಿಡಿ. ಸಂಸ್ಕೃತದಲ್ಲಿ ವಪಾ ಅಂದ್ರೆ ಯಜ್ಞದ ಪಶುವಿನ ಹೊಟ್ಟೆಯೊಳಗಿನ ಕೊಬ್ಬಿನ ಪೊರೆ, ಅದನ್ನ ತೆಗೆದು ಬೆಂಕಿಗೆ ಹಾಕ್ತಿದ್ರು. ಅದಕ್ಕೂ ಉಸಿರಿಗೂ ಸಂಬಂಧವೇ ಇಲ್ಲ, ಪಠ್ಯಪುಸ್ತಕದೋರು ಎತ್ತಿ ತಂದು ಎದೆ ಕೆಳಗಿನ ಸ್ನಾಯುಗೆ ಅಂಟಿಸಿದಾರೆ, ನಾವೆಲ್ಲ ಪರೀಕ್ಷೇಲಿ ಬರೆದು ಮರೆತ್ವಿ. ಎದೆ ಹೊಟ್ಟೆ ನಡುವೆ ಇರೋದು ತೆರೆ. ನಡುತೆರೆ ಅನ್ನಿ. ವಿದ್ಯುತ್ ಯಾಕೆ, ಮಿಂಚು ಇದೆಯಲ್ಲ. ನಡುತೆರೆ ಮಿಂಚುತಟ್ಟು. ಇಲ್ಲಾಂದ್ರೆ ಕಮ್ಮಾರನ ತಿದಿ ಇದೆ: ಉಸಿರುತಿದಿ. ಅಚ್ಚಗನ್ನಡ, ಹಳ್ಳಿಯೋರಿಗೆ ಹೇಳ್ಕೊಡೋದೇ ಬೇಡ.

* * *

> ಹಳ್ಳಿಯೋರಿಗೆ ಹೇಳ್ಕೊಡೋದೇ ಬೇಡ

ಮಿಂಚು ಅಂದ್ರೆ ಹಳ್ಳಿಯೋರಿಗೆ ಸಿಡಿಲು ನೆನಪಾಗತ್ತೆ. ಆ ತಾಯಿ ಇನ್ನೂ ಹೆದರ್ತಾರೆ. ಪೇಸ್‌ಮೇಕರ್ ಅನ್ನಿ, ಊರಲ್ಲಿ ಯಾರಿಗಾದ್ರೂ ಹಾಕಿರ್ತಾರೆ, ಗೊತ್ತಿರತ್ತೆ. ಮುಗೀತು.

* * *

ಮುಗೀಲಿಲ್ಲ. ಪೇಸ್‌ಮೇಕರ್ ಅಂದ ಕೂಡ್ಲೆ "ಹಾರ್ಟಿಗೇನಾಯ್ತು" ಅಂತ ಕೇಳ್ತಾರೆ. ಎಲ್ಲದಕ್ಕೂ ಇಂಗ್ಲಿಷ್ ಪದ ಎತ್ಕೊಂಡ್ರೆ ಇನ್ನು ಇಪ್ಪತ್ತು ವರ್ಷಕ್ಕೆ ಕನ್ನಡದಲ್ಲಿ ಉಳಿಯೋದು ವಿಭಕ್ತಿ ಪ್ರತ್ಯಯ ಮಾತ್ರ.

* * *

ಧಾರವಾಡದಿಂದ ಬರಿಯಾಕತ್ತೀನ್ರಿ, ನಾನು ಅನಸ್ತೇಶಿಯಾದಾಂವ. ಪದಾ ಕಟ್ಟೋಕಿಂತ ಮೊದಲು ಒಳಗ ಏನ ನಡೀತದ ನೋಡ್ರಿ. ಡಯಾಫ್ರಾಮಿಗೆ ಹೋಗೋ ಫ್ರೆನಿಕ್ ನರ ಕುತ್ತಿಗಿಯಾಗಿನ ಬೆನ್ನುಹುರಿಯ ಮೂರು, ನಾಕು, ಐದನೇ ಮಟ್ಟದಿಂದ ಹೊಂಡತದ. ಪೆಟ್ಟು ಆ ಮಟ್ಟಕ್ಕಿಂತ ಮ್ಯಾಲಿನ ಜಾಗಾದಾಗ ಬಿದ್ರ ಮಿದುಳಿನ ಅಪ್ಪಣಿ ಕೆಳಗ ಬರಂಗಿಲ್ಲ, ಆದ್ರ ನರ ಸತ್ತಿರಂಗಿಲ್ಲ, ಸ್ನಾಯೂನೂ ಸತ್ತಿರಂಗಿಲ್ಲ. ಹೊಟ್ಟಿಗೆ ಸಣ್ಣ ತೂತು ಮಾಡಿ ಕ್ಯಾಮೆರಾ ಬಿಟ್ಟು, ಆ ನರ ಸ್ನಾಯುವಿಗೆ ಕೂಡೋ ಜಾಗಾದಾಗ ಎಡಕ್ಕೆರಡು ಬಲಕ್ಕೆರಡು ತಂತಿ ಕೂಡಸ್ತಾರ, ತಂತಿ ಚರ್ಮದ ಹೊರಗ ಬಂದು ಒಂದು ಸಣ್ಣ ಪೆಟ್ಟಿಗಿಗೆ ಸೇರತಾವ. ಕ್ರಿಸ್ಟೋಫರ್ ರೀವ್, ಸೂಪರ್‌ಮ್ಯಾನ್ ಆಗಿದ್ದಾಂವ, 1995ರಾಗ ಕುದುರಿ ಮ್ಯಾಲಿಂದ ಬಿದ್ದಿದ್ದ, ಅವಗ 2003ರಾಗ ಕ್ಲೀವ್‌ಲ್ಯಾಂಡಿನಾಗ ಇದನ್ನ ಮಾಡಿದ್ರು. ಅದಕ್ಕೂ ಮೊದಲ 1960ರ ದಶಕದಾಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಲಿಯಂ ಗ್ಲೆನ್ ನರಕ್ಕ ನೇರ ಕೂಡಿಸೋ ಪದ್ಧತಿ ತಂದಿದ್ರು.

ತಿದಿ ಪೂರಾ ತಪ್ಪು. ತಿದಿ ಗಾಳಿ ಊದತದ, ಆ ಕೆಲಸ ವೆಂಟಿಲೇಟರಿಂದು. ಡಯಾಫ್ರಾಮ್ ಕೆಳಗ ಇಳದು ಗಾಳಿ ಒಳಗ ಎಳಕೊಳ್ಳತದ. ಊದೋದು ಬ್ಯಾರೆ, ಎಳಕೊಳ್ಳೋದು ಬ್ಯಾರೆ. ಇನ್ನ ಆ ಮೂರು ನಾಕು ಐದರ ಜೀವಕೋಶನ ಹೋಗಿದ್ರ ಇದು ನಡ್ಯಂಗಿಲ್ಲ, ಅದಕ್ಕ ಮೊದಲ ಟೆಸ್ಟ್ ಮಾಡತಾರ. ಇಷ್ಟೂ ಹಾಳ್ಯಾಗ ಬರಬೇಕು.

* * *

ಹಾಗಾದ್ರೆ ಪದ ಕೈಲೇ ಇದೆ, ಉಸಿರೆಳೆಸು. ಎಳೆ, ಎಳೆಸು. ಎಳಿಯೋನು ಆ ಹುಡುಗನೇ, ಪೆಟ್ಟಿಗೆ ಬರೀ ಎಳೆಸತ್ತೆ. ಕನ್ನಡದ ಪ್ರೇರಣಾರ್ಥಕ ಇಂಥ ಕಡೆಗೇ ಇರೋದು. ಉಸಿರೆಳೆಸುಕ.

* * *

ಪೇಪರಲ್ಲಿ "ಕೊನೆಯುಸಿರೆಳೆದರು" ಅಂತ ದಿನಾ ಓದ್ತೀವಿ. ಮಗ ಹಾಸಿಗೇಲಿರೋ ತಂದೆ ತಾಯಿಗೆ ಆ ಪದ ಕೊಡ್ತೀರಾ? ಬೇಡ.

* * *

ಕೊನೆ ಅನ್ನೋದು ಸಾವು ತರೋದು, ಎಳೆ ಅಲ್ಲ. ವ್ಯಾಕರಣ ನೋಡಿ ಸ್ವಾಮಿ.

* * *

ಐಸಿಯು ಮುಂದಿನ ಬೆಂಚಲ್ಲಿ ಕೂತೋರು ವ್ಯಾಕರಣ ನೋಡಲ್ಲ.

* * *

ನಂದೊಂದು ಮಾತು. ಉಸಿರ್ ಹಳಗನ್ನಡದಲ್ಲಿ ಕ್ರಿಯಾಪದಾನೂ ಹೌದು, ನುಡಿ ಅಂತಲೂ ಅರ್ಥ. "ಕಿವಿಯಲ್ಲಿ ಉಸುರಿದಳು", "ಯಾರ ಹತ್ರಾನೂ ಉಸಿರೆತ್ತಬೇಡ" ಅಂತ ಈಗ್ಲೂ ಅಂತೀವಲ್ಲ, ಅದೇ ಇದು. ಉಸಿರು ಮಾತು ಎರಡಕ್ಕೂ ಒಂದೇ ಪದ ಇರೋ ಭಾಷೆ ನಮ್ದು. ವೆಂಟಿಲೇಟರಲ್ಲಿ ಮಾತು ಕಷ್ಟ, ಪೇಸಿಂಗ್ ಆದ್ಮೇಲೆ ಎಷ್ಟೋ ಜನಕ್ಕೆ ಮಾತಾಡೋದು ಸಲೀಸಾಗತ್ತೆ ಅಂತ ಕೇಳಿದೀನಿ. ಯಂತ್ರದ ಹೆಸರು ಏನೇ ಇರ್ಲಿ, ಅದರೊಳಗೆ ಉಸಿರು ಇರ್ಲೇಬೇಕು. ಶ್ವಾಸ, ಶ್ವಸನ, ವಪೆ ಯಾವ್ದೂ ಬೇಡ.

* * *

ಶ್ವಾಸಕೋಶ ಅಂತ ನೀವೇ ದಿನಾ ಹೇಳ್ತೀರಿ. ಸಂಸ್ಕೃತದ ಮೇಲೆ ಯಾಕಿಷ್ಟು ಸಿಟ್ಟೋ.

* * *

ನಾನು ಕೇಳಿದೋಳು. ಎಲ್ರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಸಂಜೆ ಮತ್ತೆ ಕೂತು ಬರೆದೆ. "ಮಿಂಚುತಟ್ಟು" ಹಾಕ್ಲಿಲ್ಲ, ಆದ್ರೆ ಆ ತಟ್ಟು ನನ್ನ ತಲೇಲಿ ಉಳೀತು, ಧಾರವಾಡದ ಡಾಕ್ಟರು ನರ ಸತ್ತಿಲ್ಲ ಅಂದಿದ್ದೂ ಉಳೀತು. "ಉಸಿರಿನ ನರ ಸತ್ತಿಲ್ಲ, ಮಲಗಿದೆ. ಅದನ್ನ ತಟ್ಟಿ ತಟ್ಟಿ ಎಬ್ಬಿಸೋ ಪುಟ್ಟ ಪೆಟ್ಟಿಗೆ ಇದು" ಅಂತ ಮೊದಲ ಸಾಲು. ಮುಂದೆಲ್ಲಾ "ಉಸಿರಿನ ಪೇಸ್‌ಮೇಕರ್" ಅಂತಾನೇ. ವೆಂಟಿಲೇಟರಿಗೆ "ಗಾಳಿ ಊದೋ ಮಿಷನ್ನು". ಓದಿ ಹೇಳ್ದೆ. ಅಮ್ಮ ಎದ್ದು ಹೋಗಿ ಮಗನ ಭುಜ ಎರಡು ಸಲ ಮೆಲ್ಲಗೆ ತಟ್ಟಿ "ಹಿಂಗಾ" ಅಂದ್ರು. ಹೂಂ ಅಂದೆ.

ಇನ್ನೊಂದು ಪದ ಉಳಿದಿದೆ. ಇಷ್ಟು ದಿನ ಕೆಲಸ ಇಲ್ದೆ ಸ್ನಾಯು ಸೊರಗಿರತ್ತಂತೆ, ಮೊದ್ಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಪೆಟ್ಟಿಗೆ ಹಾಕಿ ದಿನಾ ಹೆಚ್ಚಿಸ್ತಾ ಹೋಗ್ತಾರೆ, ಅದಕ್ಕೆ ಕಂಡೀಷನಿಂಗ್ ಅಂತಾರೆ. ಏನು ಹಾಕ್ಲಿ? ನಾಳೆ ಬೆಳಿಗ್ಗೆಯೊಳಗೆ ಪ್ಲೀಸ್.

* * *

ಅಭ್ಯಸನ.

* * *

ಪಳಗಿಸೋದು. ಬೇರೆ ಏನೂ ಹುಡುಕ್ಬೇಡಿ.