ಕ್ರೀಮ್ ಮಡಚುವುದೋ, ಮಗುಚುವುದೋ?

ಎಲ್ಲರಿಗೂ ನಮಸ್ಕಾರ. ಅಡುಗೆಮನೆಯಿಂದ ಒಂದು ಪದದ ತಕರಾರು ತಂದಿದ್ದೇನೆ.

ಮಂಗಳೂರಿನ ನಮ್ಮ ಮನೆಯಲ್ಲಿ ಮಾವಿನಹಣ್ಣಿನ ಮೂಸ್ ಮಾಡಿದ್ದೆ, ಬಡಿದು ಉಬ್ಬಿಸಿದ ಕ್ರೀಮಿಗೆ ಹಣ್ಣಿನ ತಿರುಳು ಸೇರಿಸಿ ಮಾಡುವ ಹಗುರವಾದ ಸಿಹಿ. ಉಡುಪಿಯ ಚಿಕ್ಕಮ್ಮ ತಿಂದು, ಮಾಡುವ ಕ್ರಮ ಬರೆದು ಕಳಿಸು ಅಂದರು. ‘ಹಣ್ಣಿನ ತಿರುಳನ್ನು ಕ್ರೀಮಿನೊಳಗೆ ನಿಧಾನವಾಗಿ ಮಡಚಿ’ ಅಂತ ಬರೆದೆ. ಇಂಗ್ಲಿಷಿನ ಫೋಲ್ಡ್ ಅನ್ನು ಸುಮ್ನೆ ಹಾಗೇ ಇಳಿಸಿದ್ದು. ಕೂಡಲೇ ಫೋನ್ ಬಂತು: “ಮಡಚಲಿಕ್ಕೆ ಇದೇನು ಅರಿಶಿನ ಎಲೆಯ ಕಡುಬಾ ಮಾರಾಯ್ತಿ?”

ಕೊನೆಗೆ ಅವರು ಗಂಜಿ ತೊಳಸುವ ಹಾಗೆ ಸಟ್ಟುಗ ಹಾಕಿ ಗರಗರ ತೊಳಸಿದರಂತೆ. ಕ್ರೀಮಿನಲ್ಲಿ ಸೇರಿದ ಗಾಳಿಯೇ ಮೂಸ್‌ನ ಜೀವ, ಅದೆಲ್ಲ ಹೋಯಿತು. ಗಡ್‌ಬಡ್ ಐಸ್‌ಕ್ರೀಮಿನ ಲೋಟದಂಥ ಉದ್ದ ಲೋಟದಲ್ಲಿ ಚಂದ ಮಾಡಿ ಕೊಟ್ಟದ್ದು ಸೀಕರಣೆ. ರುಚಿಗೇನೂ ಕೊರತೆ ಇರಲಿಲ್ಲವಂತೆ.

ಆಮೇಲೆ ನನ್ನ ಕೈ ಏನು ಮಾಡುತ್ತದೆ ಅಂತ ನಾನೇ ನೋಡಿದೆ. ಸಟ್ಟುಗ ಪಾತ್ರೆಯ ಅಂಚಿನಿಂದ ಅಡಿಗೆ ಇಳಿಯುತ್ತದೆ, ಅಡಿಯದ್ದನ್ನು ಎತ್ತಿ ಮೇಲಕ್ಕೆ ಕವುಚುತ್ತದೆ. ಪಾತ್ರೆ ಸ್ವಲ್ಪ ತಿರುಗಿಸಿ ಮತ್ತೆ ಅದೇ. ಇದು ಮಗುಚುವುದೇ ಅಲ್ವಾ? ದೋಸೆ ಮಗುಚುತ್ತೇವೆ, ದೋಣಿ ಮಗುಚುತ್ತದೆ. ತೊಡಕು ಏನೆಂದರೆ, ನಮ್ಮ ಕಡೆ ‘ಹಲ್ವ ಕೈಬಿಡದೆ ಮಗುಚಿ’ ಅಂದರೆ ಒಂದೇ ಸಮ ತಿರುವುತ್ತಿರಿ ಅಂತ. ಹಾಗೆ ಮಾಡಿದರೆ ಮತ್ತೆ ಸೀಕರಣೆಯೇ. ಅದಕ್ಕೇ ಈಗ ‘ಅಡಿಯಿಂದ ಮೆಲ್ಲ ಮಗುಚಿ’ ಅಂತ ಬರೆಯುತ್ತೇನೆ. ಗಟ್ಟಿಯಾಗಲಿಕ್ಕೆ ಚೈನಾಗ್ರಾಸ್ ಹಾಕಿದ್ದರೆ ಮೆಲ್ಲ ಅಂತ ತಡ ಮಾಡುವ ಹಾಗೂ ಇಲ್ಲ. ಕುದಿಸಿ ಕರಗಿಸಿದ್ದು 40 ಡಿಗ್ರಿಯ ಹತ್ತಿರ ಇಳಿಯುವಾಗಲೇ ಗಟ್ಟಿಯಾಗತೊಡಗುತ್ತದೆ, ಫ್ರಿಜ್ಜಿಗಾಗಿ ಕಾಯುವುದಿಲ್ಲ.

ವಿಪ್ ಮಾಡುವುದಕ್ಕೂ, ಅಂದರೆ ಗಾಳಿ ಸೇರಿ ಕ್ರೀಮ್ ಉಬ್ಬುವ ಹಾಗೆ ಮಾಡುವುದಕ್ಕೂ, ಇದೇ ಪಾಡು. ‘ಕಡೆಯಿರಿ’ ಅನ್ನೋಣವೆಂದರೆ ನಮ್ಮಲ್ಲಿ ಕಡೆಯುವ ಕಲ್ಲು ಅಂದರೆ ಅರೆಯುವ ಕಲ್ಲು. ಚಿಕ್ಕಮ್ಮ ನೇರ ಮಿಕ್ಸಿಗೆ ಹಾಕಿಯಾರು. ಮೊಸರು ಕಡೆಯುವ ಅರ್ಥದಲ್ಲಿ ತೆಗೆದುಕೊಂಡರೂ ಕಡೆಗೆ ಬರುವುದು ಬೆಣ್ಣೆ. ಕ್ರೀಮನ್ನು ಜಾಸ್ತಿ ಬಡಿದರೂ ಅದೇ ಆಗುವುದು, ಆ ಲೆಕ್ಕದಲ್ಲಿ ಪದ ತಪ್ಪಲ್ಲ! ಸದ್ಯ ‘ಬಡಿಯಿರಿ’ ಅಂತಲೇ ಬರೆದಿದ್ದೇನೆ. ಎಷ್ಟು ಬಡಿಯಬೇಕು ಅಂದರೆ, ಬೀಟರ್ ಎತ್ತಿದಾಗ ಕ್ರೀಮಿನ ‘ಕೊಕ್ಕು ಬಾಗುವಷ್ಟು’. ಇದು ನಾನೇ ಕಟ್ಟಿದ್ದು. ಚಿಕ್ಕಮ್ಮನಿಗೆ ಒಂದೇ ಸಲಕ್ಕೆ ಅರ್ಥವಾಯಿತು.

ಇನ್ನು ಹೆಸರು. ಫ್ರೆಂಚಿನಲ್ಲಿ ಮೂಸ್ ಅಂದರೆ ನೊರೆ. ಮಳೆಗಾಲದಲ್ಲಿ ಅಂಗಳದಲ್ಲಿ ಜಾರಿಸುವ ಪಾಚಿಗೂ ಅಲ್ಲಿ ಅದೇ ಪದ. ನಮ್ಮಲ್ಲಿ ನೊರೆಹಾಲು ಇದೆ ನಿಜ, ಆದರೆ ‘ಮಾವಿನ ನೊರೆ’ ಅಂದರೆ ನನಗೆ ಸಾಬೂನಿನ ನೆನಪು. ಮೂಸ್ ಅಂತಲೇ ಇರಲಿ, ಚಿಕ್ಕಪ್ಪ “ಇದು ತಿನ್ನುವುದಾ, ಮೂಸುವುದಾ?” ಅಂತ ಕೇಳಿದರೂ ಸರಿ.

ಘಟ್ಟದ ಮೇಲಿನವರು ಹೇಳಿ: ನಿಮ್ಮಲ್ಲಿ ಮಗುಚು ಅಂದರೆ ಕವುಚಿ ಹಾಕುವುದು ಮಾತ್ರವೋ, ತಿರುವುವುದಕ್ಕೂ ಹೇಳುತ್ತೀರೋ?